ನೆಂಟರಿಲ್ಲದ ದಾರಿ

ಹೊಳೆಮಂಟಿಯಲ್ಲಿ ಪವಿತ್ರಳ ಸೈಕಲ್ಲಿಗೆ ಒಂದು ಅಡ್ಡಹೆಸರು ಬಿದ್ದಿತ್ತು. ಊಟದ ಸೈಕಲ್ಲು. ಆ ಹೆಸರಿಟ್ಟವನು ಅವಳ ಚಿಕ್ಕಪ್ಪ ಶಾಂತಮೂರ್ತಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ ಎನ್ನುವುದೇ ಅವಳ ಸಂಕಟ.

ಕಾವೇರಿಯ ದಂಡೆಗೆ ಅಂಟಿಕೊಂಡಂತಿದ್ದ ಊರು ಅದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕೆರೆ, ನಡುವೆ ಹಿಪ್ಪುನೇರಳೆ ತೋಟ, ಕಬ್ಬು, ಗದ್ದೆ. ಊರಿಗೆ ಎರಡು ದಾರಿ: ಹೊಳೆಯ ಮಗ್ಗುಲಿನದು ಒಂದು, ಕೆರೆ ಏರಿಯ ಮೇಲಿನದು ಇನ್ನೊಂದು. ಪವಿತ್ರ ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ ಮತ್ತೆ ಮಡಿಚಿಡುವ ಕೆಲಸಕ್ಕೆ ಹೋಗುತ್ತಿದ್ದಳು. ಸಂಬಳದಲ್ಲಿ ಮಿಗಿಸಿ, ಮೈಸೂರಿನಲ್ಲಿ ಯಾರೋ ಓಡಿಸಿ ಬಿಟ್ಟ ಗೇರಿನ ಸೈಕಲ್ಲೊಂದನ್ನು ಕೊಂಡು ತಂದಿದ್ದಳು. ತೆಳ್ಳನೆಯ ಟಯರು, ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಅವಳಿಗಿದ್ದದ್ದು ಒಂದೇ ಆಸೆ. ಹೊಳೆದಾರಿಯಲ್ಲಿ ಹೊರಟು, ಎಲ್ಲಿಯೂ ಹಿಂದಕ್ಕೆ ತಿರುಗದೆ, ಸೀಮೆಯನ್ನು ಒಂದು ಸುತ್ತು ಹಾಕಿ, ಕೆರೆ ಏರಿಯ ಮೇಲೆ ಮನೆಗೆ ಬರಬೇಕು. ಹೋದ ದಾರಿಯಲ್ಲೇ ಬರುವುದಕ್ಕೆ ಬಸ್ಸಿದೆಯಲ್ಲ, ಸೈಕಲ್ಲು ಯಾಕೆ?

ಈ ಆಸೆಯ ಬೀಜ ಬಿತ್ತಿದವಳು ಅಜ್ಜಿ ಚನ್ನಮಲ್ಲಮ್ಮ. ಪವಿತ್ರ ಚಿಕ್ಕವಳಿದ್ದಾಗ, ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತ ಜಗಲಿಯ ಮೇಲೆ ಕೂತು ಅಜ್ಜಿ ಹೇಳುತ್ತಿದ್ದ ಕಥೆಯೊಂದಿತ್ತು. ನೇಯ್ಗೆಯವರ ಹುಡುಗಿಯೊಬ್ಬಳ ಕೈಗೆ ಒಂದೇ ಒಂದು ರೇಷ್ಮೆಗೂಡು ಕೊಟ್ಟು ರಾಜ ಹೇಳಿದನಂತೆ: ಇದರ ಎಳೆ ಬಿಚ್ಚುತ್ತ ನಡೆ, ಎಳೆ ಸುತ್ತಿದಷ್ಟು ನೆಲ ನಿನ್ನದು. ಹುಡುಗಿ ನಡೆದಳು. ಎಳೆ ಅಲ್ಲಲ್ಲಿ ಹರಿಯಿತು. ಹರಿದಲ್ಲೆಲ್ಲ ಕೂತು ಗಂಟು ಹಾಕಿ ಎದ್ದಳು. ಆ ಗಂಟುಗಳೇ ಈಗ ಕಾಣುವ ಬೆಟ್ಟಗಳು. ಕೊನೆಗೆ ಎಳೆಯ ತುದಿ ಮೊದಲಿಗೆ ಬಂದು ಸೇರಿತು, ಒಳಗಿದ್ದದ್ದೆಲ್ಲ ಅವಳದಾಯಿತು. ಅಂಗಡಿಯಲ್ಲಿ ಸೀರೆ ಮಡಿಚುವ ವಯಸ್ಸಿಗೆ ಬಂದರೂ ಪವಿತ್ರಳಿಗೆ ದೂರದ ಬಿಳಿಗಿರಿ ಸಾಲು ಕಂಡರೆ ಯಾರೋ ಕೂತು ಹಾಕಿದ ಗಂಟಿನಂತೆಯೇ ಕಾಣುತ್ತಿತ್ತು.

ಆದರೆ ಆ ಹುಡುಗಿಗೆ ದಾರಿಯಲ್ಲಿ ನೆಂಟರಿರಲಿಲ್ಲ. ಪವಿತ್ರಳಿಗೆ ಇದ್ದರು.

ನೆಂಟರ ಊರಿನ ಮೇಲೆ ಹಾದು ಮನೆಯೊಳಕ್ಕೆ ಕಾಲಿಡದೆ ಹೋದರೆ, ಆ ಕಡೆಯ ಜನಕ್ಕೆ ಅದು ಮುಖಕ್ಕೆ ಬೈದದ್ದಕ್ಕಿಂತ ಹೆಚ್ಚು. ಮೊದಲ ಸಲ ಅವಳು ಗೆಳತಿ ಸಿಂಧುವನ್ನು ಕಟ್ಟಿಕೊಂಡು ಕುಂತೂರಿನ ಮೇಲೆ ಹೊರಟಾಗ, ಸಕ್ಕರೆ ಕಾರ್ಖಾನೆಗೆ ಕಬ್ಬು ತುಂಬಿಕೊಂಡು ಸಾಲುಗಟ್ಟಿದ್ದ ಟ್ರ್ಯಾಕ್ಟರುಗಳ ಸಂದಿಯಲ್ಲಿ ನುಸುಳುತ್ತಿದ್ದಾಗಲೇ ಸೋದರಮಾವನ ಕಣ್ಣಿಗೆ ಬಿದ್ದಳು. ಅಲ್ಲಿಂದ ಮುಂದಿನದೆಲ್ಲ ಊಟ. ಮಾವನ ಮನೆಯಲ್ಲಿ ದೋಸೆ, ಮಾವನ ಅಣ್ಣನ ಮನೆಯಲ್ಲಿ ಹೋಳಿಗೆ, ಎದುರುಮನೆಯವರು ಬೇಜಾರು ಮಾಡಿಕೊಂಡಾರೆಂದು ಅಲ್ಲೊಂದು ಲೋಟ ಹಾಲು. ಹೊರಡುತ್ತೇನೆಂದರೆ ಮಾವ ಕೆಂಡವಾದ. "ಈ ಬಿಸ್ಲಲ್ಲಿ ತುಳ್ಕಂಡು ಓಯ್ತೀಯಾ? ನಾವೇನು ಸತ್ತೋಗಿದ್ದೀವಾ?" ಎಂದವನೇ ಇಬ್ಬರ ಸೈಕಲ್ಲನ್ನೂ ಲಗೇಜ್ ಆಟೊಗೆ ಹತ್ತಿಸಿ, ಹಗ್ಗ ಬಿಗಿದು, ಹುಡುಗಿಯರನ್ನು ಹಿಂದೆ ಕೂರಿಸಿಕೊಂಡು ಬಂದು ಹೊಳೆಮಂಟಿಯಲ್ಲಿ ಇಳಿಸಿಹೋದ. ಎರಡನೆಯ ಸಲ ಯಳಂದೂರಿನ ಮೇಲೆ ಹೋದರು. ಅಲ್ಲಿ ದೊಡ್ಡಮ್ಮ ಮಹಡಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದಳು. ಮೇಲಿನಿಂದ ಎಲ್ಲ ಚೆನ್ನಾಗಿ ಕಾಣುತ್ತದೆ. ಅವತ್ತೂ ಸಂಜೆ ಆಟೊದಿಂದಲೇ ಇಳಿದರು. ಕೈಯಲ್ಲಿ ಹಪ್ಪಳದ ಕಟ್ಟು.

"ಬಂತಪ್ಪಾ ಊಟದ ಸೈಕಲ್ಲು," ಎಂದು ಶಾಂತಮೂರ್ತಿ ಜಗಲಿಯಿಂದ ಕೂಗಿದ್ದು ಅವತ್ತೇ.

ಅಪ್ಪ ಸದಾಶಿವಪ್ಪ ನಗಲಿಲ್ಲ. ಬೀದಿಯವರ ನಗು ಅವನ ಕಿವಿಗೂ ಬಿದ್ದಿತ್ತು.

"ನೋಡವ್ವ, ಸೈಕಲ್ ತುಳೀಬ್ಯಾಡ ಅಂತ ನಾನು ಒಂದಿನ ಅಂದಿಲ್ಲ. ಆದ್ರೆ ಊರೂರಲ್ಲಿ ಉಂಡು ಆಟೋಲಿ ಇಳಿಯಾಕೆ ಸೈಕಲ್ ಯಾಕೆ? ಇನ್ನೊಂದೇ ಸಲ ನೋಡ್ತೀನಿ. ತುಳ್ಕಂಡು ಓಗಿ ತುಳ್ಕಂಡೇ ಬಂದ್ರೆ ಸೈಕಲ್ ನಿಂದು, ನಾನು ಬಾಯಿ ಬುಡಾಕಿಲ್ಲ. ಈ ಸಲಾನೂ ನಿನ್ನ ಸೈಕಲ್ ಆಟೊ ಹತ್ತಿ ಬಂತೋ, ಅಟ್ಟಕ್ಕೆ ಎತ್ತಿಸ್ತೀನಿ. ಮುರಿದ ಚಂದ್ರಿಕೆ ಜತೇಲಿ ಬಿದ್ದಿರ್ಲಿ."

ಚಂದ್ರಿಕೆ ಎಂದರೆ ಬಲಿತು ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆ. ಅವರ ಅಟ್ಟದಲ್ಲಿ ಅಂಥ ಮುರುಕು ತಟ್ಟೆಗಳ ರಾಶಿಯೇ ಇತ್ತು. ಅಪ್ಪ ಒಮ್ಮೆ ಅಟ್ಟಕ್ಕೆ ಎತ್ತಿದ ವಸ್ತುವನ್ನು ಕೆಳಗಿಳಿಸಿದ್ದನ್ನು ಪವಿತ್ರ ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆವತ್ತಿನಿಂದ ಅವಳಿಗೆ ನಿದ್ದೆಯಲ್ಲೂ ದಾರಿಗಳೇ. ಮರುದಿನ ಸಂಜೆ ಕೆಲಸದಿಂದ ಬಂದವಳೇ ಸಿಂಧುವನ್ನು ಕರೆಸಿಕೊಂಡು, ಜಗಲಿಯ ಮೇಲೆ ಫೋನಿಟ್ಟುಕೊಂಡು ಕೂತಳು. ಸಿಂಧು ಹಿಂದಿನ ಬೀದಿಯ ರಾಜಣ್ಣನ ಮಗಳು, ಕಾಲೇಜಿನಲ್ಲಿ ಜೊತೆಗೆ ಓದಿದವಳು. ಅವಳದು ಮುಂದೆ ಬುಟ್ಟಿ ಇರುವ ಹಳೆಯ ಸೈಕಲ್ಲು.

"ಇದ್ರಲ್ಲಿ ಮೂರು ಥರ ತೋರಿಸ್ತದೆ ಕಣೆ. ಈಜಿ, ಮಾಡರೇಟ್, ಹಾರ್ಡ್. ನಮಗೆ ಮಾಡರೇಟ್ ಸಾಕು."

"ಹಂಗಂದ್ರೆ?"

"ಹದವಾಗಿರೋದು. ಒಂದಷ್ಟು ಏರು, ಒಂದಷ್ಟು ಇಳುವು. ಬರೀ ಚಪ್ಪಟೆ ಆದ್ರೆ ಬೇಜಾರು, ಬರೀ ಬೆಟ್ಟ ಆದ್ರೆ ನೀನು ಸಾಯ್ತೀಯ."

"ನಾನು ಈಜೀಲೇ ಸಾಯ್ತೀನಿ ಬುಡು. ಅದಕ್ಕಿಂತ ಕೆಳಗಿಂದು ಒಂದಿದ್ರೆ ನೋಡು."

ಒಳಗಿನಿಂದ ಬಂದ ಶಾಂತಮೂರ್ತಿ ಫೋನಿನ ಮೇಲೆ ಬಗ್ಗಿದ. "ಕೌದಳ್ಳಿಗಂಟ ಓಗ್ರಿ. ಒಳ್ಳೆ ರಸ್ತೆ. ನಮ್ಮ ಅತ್ತೆ ಮನೇಲಿ ಮಜ್ಜಿಗೆ ಚೆನ್ನಾಗಿರ್ತದೆ."

"ಚಿಕ್ಕಪ್ಪ, ನೀನು ಒಳಕ್ಕೆ ಓಗು," ಎಂದಳು ಪವಿತ್ರ.

ಪಕ್ಕದಲ್ಲಿ ಮೊರ ಇಟ್ಟುಕೊಂಡು ಹುರುಳಿ ಹಸನು ಮಾಡುತ್ತಿದ್ದ ಅಜ್ಜಿ ಅಷ್ಟು ಹೊತ್ತೂ ಸುಮ್ಮನಿದ್ದಳು. ಈಗ ಕತ್ತೆತ್ತಿದಳು. "ನಿನ್ನ ಫೋನಿಗೆ ಏರು ಇಳುವು ಗೊತ್ತು. ನೆಂಟ್ರು ಗೊತ್ತಾ?"

ಇಬ್ಬರೂ ಅವಳ ಮುಖ ನೋಡಿದರು.

"ನೆಲದ ಮೇಲೆ ಬರಿ. ನಾನು ತೋರಿಸ್ತೀನಿ."

ಪವಿತ್ರ ರಂಗೋಲಿ ಡಬ್ಬಿ ತಂದು, ಫೋನು ನೋಡುತ್ತ ಜಗಲಿಯ ತುಂಬ ರಸ್ತೆಗಳನ್ನು ಎಳೆದಳು. ಹೊಳೆಮಂಟಿಗೊಂದು ಚುಕ್ಕಿ, ಕೊಳ್ಳೇಗಾಲಕ್ಕೆ ದೊಡ್ಡ ಚುಕ್ಕಿ, ಆಚೆ ಹನೂರು, ಈಚೆ ಯಳಂದೂರು. ಅಜ್ಜಿ ಮೊರದಿಂದ ಹುರುಳಿ ಕಾಳು ತೆಗೆದು ಒಂದೊಂದೇ ಊರಿನ ಮೇಲೆ ಇಡತೊಡಗಿದಳು. ಇಲ್ಲಿ ನಿಮ್ಮಪ್ಪನ ಸೋದರತ್ತೆ ಮಗಳು. ಇಲ್ಲಿ ನಿಮ್ಮವ್ವನ ದೊಡ್ಡಪ್ಪ, ಅವನಿಗೆ ಕಣ್ಣು ಕಾಣಾಕಿಲ್ಲ, ಆದ್ರೆ ಸೈಕಲ್ ಬೆಲ್ ಕೇಳ್ತದೆ. ಇಲ್ಲಿ ಮೂರು ಮನೆ. ಇಲ್ಲಿ ಊರಿಗೂರೇ ನಮ್ಮೋರು. ಹೇಳುತ್ತ ಹೇಳುತ್ತ ಅವಳ ದನಿಗೆ ಕಥೆಯ ಲಯ ಬಂತು. ಯಾರ ಮದುವೆಯಲ್ಲಿ ಮಳೆ ಬಂದದ್ದು, ಯಾರ ಮಗು ಯಾರ ಮಡಿಲಲ್ಲಿ ಬೆಳೆದದ್ದು. ರಸ್ತೆಗಳೆಲ್ಲ ಹುರುಳಿಯಿಂದ ತುಂಬಿದವು.

"ಅಯ್ಯೋ, ನೀವು ಸೀಮೆಯೆಲ್ಲ ಉಳುಮೆ ಮಾಡಿ ಬಿತ್ತಿಬುಟ್ಟಿದ್ದೀರಲ್ಲಜ್ಜಿ," ಎಂದಳು ಸಿಂಧು.

ಆದರೆ ಪವಿತ್ರ ಒಂದು ಗೆರೆಯನ್ನೇ ನೋಡುತ್ತಿದ್ದಳು. ಕೊಳ್ಳೇಗಾಲದಿಂದ ನೇರ ಹನೂರು. ಹನೂರಿನಲ್ಲಿ ಬಲಕ್ಕೆ ತಿರುಗಿದರೆ ಕಾಡಂಚಿನ ರಸ್ತೆ. ಹದವಾದ ಏರು, ಹದವಾದ ಇಳುವು. ಆ ರಸ್ತೆ ದೊಡ್ಡ ಬಳಸು ಹಾಕಿ, ಮಧುವನಹಳ್ಳಿ ಕಡೆಯಿಂದ ಮತ್ತೆ ಕೊಳ್ಳೇಗಾಲಕ್ಕೆ, ಅಲ್ಲಿಂದ ಕೆರೆ ಏರಿಗೆ. ಅದರ ಮೇಲೆ ಒಂದು ಕಾಳೂ ಇರಲಿಲ್ಲ. ನಡುವೆ ಒಂದೇ ಒಂದು ಊರು.

"ಇಲ್ಲಿ, ಅಜ್ಜಿ? ಕಂಬದಪಾಳ್ಯ?"

ಅಜ್ಜಿಯ ಬೆರಳುಗಳ ನಡುವೆ ಒಂದು ಕಾಳಿತ್ತು. ಆ ಕೈ ಚುಕ್ಕಿಯ ಮೇಲೆ ಬಂದು ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇದ್ದು, ಹಿಂದಕ್ಕೆ ಹೋಗಿ, ಕಾಳನ್ನು ಮೊರಕ್ಕೇ ಹಾಕಿತು.

"ಅಲ್ಲಿ ಯಾರೂ ಇಲ್ಲ."

ಅಲ್ಲಿ ಯಾರಿದ್ದಾರೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅಜ್ಜಿಯ ಒಡಹುಟ್ಟಿದ ತಂಗಿ ದೇವಮ್ಮಣ್ಣಿ. ಪವಿತ್ರ ಹುಟ್ಟುವ ಮೊದಲೇ ಇಬ್ಬರಿಗೂ ಮಾತು ನಿಂತುಹೋಗಿತ್ತು. ಹುಳು ಸಾಕುವ ಮನೆಗೆ ಹೊರಗಿನವರನ್ನು ಬಿಡುವ ವಾಡಿಕೆ ಇಲ್ಲ. ಮನೆಯವರೂ ಕಾಲು ತೊಳೆದೇ ಒಳಗೆ ಹೋಗಬೇಕು. ಅಕ್ಕನನ್ನು ನೋಡಲು ಬಂದಿದ್ದ ದೇವಮ್ಮಣ್ಣಿ ಬಸ್ಸಿಳಿದವಳೇ, ಹುಳು ನೋಡುವ ಆಸೆಗೆ ಬಿದ್ದು, ಕಾಲಿಗೆ ನೀರು ಸೋಕಿಸದೆ ಒಳಕ್ಕೆ ನಡೆದುಬಿಟ್ಟಿದ್ದಳು. ಆಮೇಲೆ ಹುಳುವಿಗೆ ಸಪ್ಪೆ ರೋಗ ಬಿತ್ತು. ಸೊಪ್ಪು ಬಿಟ್ಟು, ಮೆತ್ತಗಾಗಿ, ತಟ್ಟೆತಟ್ಟೆಯೇ ಸತ್ತವು. ಸೊಪ್ಪಿನದೋ, ಸೆಕೆಯದೋ, ಯಾವುದರ ದೋಷವೋ. ಚನ್ನಮಲ್ಲಮ್ಮ ಬೀದಿಯವರೆಲ್ಲ ಕೇಳುವಂತೆ, "ನಿನ್ನ ಕಾಲು ತಾಕಿ ನನ್ನ ಹುಳ ಸತ್ವು" ಎಂದಳು. "ಹಂಗಾರೆ ಈ ಕಾಲು ಇನ್ನು ನಿನ್ನ ಹೊಸಲು ತುಳಿಯಾಕಿಲ್ಲ" ಎಂದು ದೇವಮ್ಮಣ್ಣಿ ಎದ್ದುಹೋದಳು. ತುಳಿಯಲೂ ಇಲ್ಲ. ಮದುವೆಗಳಾದವು, ಸಾವುಗಳಾದವು, ಯಾರೂ ಯಾರ ಮನೆಗೂ ಬರಲಿಲ್ಲ.

ಮಾತು ಬಿಟ್ಟ ಮನೆಯವರು ಬೀದಿಯಲ್ಲಿ ಕಂಡರೂ ಕರೆಯುವುದಿಲ್ಲ. ಕರೆಯದಿದ್ದರೆ ದೋಸೆ ಇಲ್ಲ, ಹೋಳಿಗೆ ಇಲ್ಲ, ಆಟೊ ಇಲ್ಲ. ಅದು ಹೊಳೆದದ್ದೇ ಪವಿತ್ರಳ ಎದೆ ಹಗುರಾಯಿತು. ಒಳಗೆ ಎಲ್ಲೋ ಸಣ್ಣದೊಂದು ಮುಳ್ಳೂ ಆಡಿತು. ಅದನ್ನು ಅವಳು ಅತ್ತ ಸರಿಸಿದಳು.

"ಹಂಗಾರೆ ಇದೇ ದಾರಿ, ಅಜ್ಜಿ."

"ಓಗು. ಅಲ್ಲಿ ನಿನ್ನ ಯಾರೂ ಕರೆಯಾಕಿಲ್ಲ," ಎಂದು ಅಜ್ಜಿ ಮೊರ ಕೇರಿದಳು. "ಹುಳ ಸೋಮ್ವಾರಕ್ಕೆ ಹಣ್ಣಾಗ್ತವೆ. ಭಾನ್ವಾರ ಮಧ್ಯಾನಕ್ಕೆಲ್ಲ ಮನೇಲಿರು. ಹುಳ ಎತ್ತಿ ಚಂದ್ರಿಕೆಗೆ ಬುಡಾಕೆ ಎಷ್ಟು ಕೈಯಿದ್ರೂ ಸಾಲ್ದು."

ಶನಿವಾರ ಸಂಜೆ ಪವಿತ್ರ ಟಯರಿಗೆ ಗಾಳಿ ಹಾಕುತ್ತಿದ್ದಾಗ ಅಜ್ಜಿ ಅತ್ತ ಬಂದು ನಿಂತಳು. ಟಯರನ್ನೊಮ್ಮೆ ಒತ್ತಿ ನೋಡಿದಳು. ಕೊನೆಗೆ ಸೈಕಲ್ಲಿನ ಸೀಟಿನ ಮೇಲೆ ಕೈ ಇಟ್ಟು, "ಆ ಊರ ಮುಂದೆ ಒಂದು ಹೊಂಗೆ ಮರ ಇತ್ತು. ಇನ್ನೂ ಅದೆಯಾ, ಕಡ್ದಾಕವ್ರಾ, ನೋಡ್ಕ ಬಾ" ಎಂದಳು. "ಸುಮ್ಕೆ ಕೇಳ್ದೆ."

ಭಾನುವಾರ ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ, ಇಬ್ಬರೂ ಹೊರಟರು. ಕೊಳ್ಳೇಗಾಲ ಕಣ್ಣುಜ್ಜಿಕೊಳ್ಳುತ್ತಿತ್ತು. ಬಸ್ ಸ್ಟ್ಯಾಂಡಿನ ಮುಂದೆ ಹೂವಿನವರು ಗೋಣಿ ಹಾಸುತ್ತಿದ್ದರು. ಹನೂರಿನ ರಸ್ತೆಗೆ ಬಿದ್ದ ಮೇಲೆ ಸೈಕಲ್ಲಿನ ಸರಪಳಿ ಸದ್ದು ಬಿಟ್ಟು ಬೇರೇನೂ ಇಲ್ಲ. ಬೈಕಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ನಿಧಾನ ಮಾಡಿ, ಪವಿತ್ರಳ ಮುಖವನ್ನೇ ನೋಡಿ, "ಹೊಳೆಮಂಟಿ ಸದಾಶಿವಪ್ಪೋರ ಮಗಳಲ್ವಾ?" ಎಂದ.

"ಅಲ್ಲ," ಎಂದಳು ಸಿಂಧು ಹಿಂದಿನಿಂದ. "ನಾವು ಬೆಂಗ್ಳೂರು."

"ಬೆಂಗ್ಳೂರೋರ ಸೈಕಲ್ಗೆ ಬುಟ್ಟಿ ಇರ್ತದಾ?" ಎಂದು ಅವನು ನಗುತ್ತ ಮುಂದೆ ಹೋದ.

ಹನೂರಿನಲ್ಲಿ ಹೋಟೆಲಿನ ಇಡ್ಲಿ ತಿಂದರು. ಯಾರೂ ಇನ್ನೊಂದು ಹಾಕಿಸಿಕೋ ಎನ್ನದೆ, ಯಾರೂ ಅಪ್ಪ ಹೇಗಿದ್ದಾರೆಂದು ಕೇಳದೆ ತಿಂದ ಆ ಇಡ್ಲಿ ಪವಿತ್ರಳಿಗೆ ಹಿತವೆನಿಸಿತು. ಅಲ್ಲಿಂದ ಬಲಕ್ಕೆ ತಿರುಗಿದ ಮೇಲೆ ದಾರಿ ಬೇರೆಯೇ ಆಯಿತು. ಒಂದು ಕಡೆ ರಾಗಿ ಹೊಲ, ಜೋಳ. ಇನ್ನೊಂದು ಕಡೆ ಆನೆ ದಾಟದಂತೆ ತೋಡಿದ ಕಂದಕ, ಅದರಾಚೆ ಕಾಡು. ಮೇಕೆ ಕಾಯುತ್ತಿದ್ದ ಹೆಂಗಸೊಬ್ಬಳು ಸೈಕಲ್ಲು ನೋಡಿ ತಮಿಳಿನಲ್ಲಿ ಏನೋ ಕೂಗಿ ಕೈ ಬೀಸಿದಳು. ರಸ್ತೆ ಉಸಿರಾಡುವಂತೆ ಏರುತ್ತಿತ್ತು, ಇಳಿಯುತ್ತಿತ್ತು. ಪ್ರತಿ ಏರಿನಲ್ಲೂ ಪವಿತ್ರ ಗೇರು ಇಳಿಸಿ, ಮನಸ್ಸಿನಲ್ಲೇ, ಇದೊಂದು ಗಂಟು, ಎನ್ನುತ್ತಿದ್ದಳು. ತೊಡೆ ಸುಡುತ್ತಿತ್ತು. ಎಳೆ ಬಿಚ್ಚುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಆಗಿತ್ತು.

"ಲೇ ಪವಿ," ಹಿಂದಿನಿಂದ ಸಿಂಧು ಏದುಸಿರು ಬಿಟ್ಟಳು. "ಇದು ಮಾಡರೇಟ್ ಅಲ್ಲ ಕಣೆ. ನಿನ್ನ ಫೋನು ಸುಳ್ಳು ಬೊಗಳ್ತದೆ."

ಆ ಏರಿನ ನೆತ್ತಿಯಲ್ಲಿ ಒಂದು ಊರು, ಊರ ಮುಂದೆ ಬುಡ ದಪ್ಪಗಾದ ಹೊಂಗೆ ಮರ. ಇನ್ನೂ ಇತ್ತು. ಪವಿತ್ರ ಅದನ್ನೇ ನೋಡುತ್ತ ಬಂದಳು. ನೆಲ ನೋಡಲಿಲ್ಲ. ಮುಂದಿನ ಚಕ್ರ ಬೇಲಿಯಿಂದ ಬಿದ್ದ ಜಾಲಿಮುಳ್ಳಿನ ಮೇಲೆ ಹತ್ತಿತು. ಸುಸ್ಸೆಂದು ಗಾಳಿ ಹೋದ ಸದ್ದು ಸಿಂಧುವಿಗೂ ಕೇಳಿಸಿತು.

"ಸದ್ಯ, ಕುಂತ್ಕಬೋದು," ಎಂದಳು ಸಿಂಧು.

ಪಂಚರ್ ಹಾಕುವುದು ಪವಿತ್ರಳಿಗೆ ಬರುತ್ತಿತ್ತು. ಅಂಟು, ತೇಪೆ, ಪಂಪು ಎಲ್ಲ ಸೀಟಿನ ಕೆಳಗಿನ ಚೀಲದಲ್ಲಿದ್ದವು. ಮರದ ನೆರಳಲ್ಲಿ ಸೈಕಲ್ಲು ಬೋರಲು ಹಾಕಿ ಟ್ಯೂಬು ಹೊರಗೆಳೆದಳು. ಆದರೆ ತೂತು ಎಲ್ಲಿದೆ ಎಂದು ತಿಳಿಯಬೇಕಾದರೆ ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಏಳುವುದನ್ನು ನೋಡಬೇಕು. ಎದುರಿನ ಹೆಂಚಿನ ಮನೆಯ ಬಾಗಿಲಲ್ಲಿ ಮುದುಕಿಯೊಬ್ಬಳು ಕೂತಿದ್ದಳು.

"ಅಜ್ಜೀ, ಒಂದು ಬಾಂಡ್ಲೀಲಿ ನೀರು ಕೊಡ್ತೀರಾ?"

ಮುದುಕಿ ಎದ್ದು ಒಳಗೆ ಹೋದಳು. ತುಂಬಿದ ಬಾಂಡ್ಲಿಯನ್ನು ಸೊಂಟಕ್ಕೆ ಒತ್ತಿಕೊಂಡು ತಾನೇ ಬಂದು ಮರದ ಬುಡದಲ್ಲಿಟ್ಟಳು. ಹೋಗಲಿಲ್ಲ. ನೀರಲ್ಲಿ ಟ್ಯೂಬು ಹೊರಳಿಸುವ ಹುಡುಗಿಯನ್ನು ಬಗ್ಗಿ ನೋಡಿದಳು.

"ಯಾವೂರವ್ವ?"

ಪವಿತ್ರ ಬಾಯಿ ತೆರೆಯುವ ಮೊದಲೇ ಸಿಂಧು ಸಿದ್ಧವಾಗಿಟ್ಟುಕೊಂಡಿದ್ದ ಸುಳ್ಳನ್ನು ಬಿಟ್ಟಳು. "ಕೊಳ್ಳೇಗಾಲ. ಸರ್ವೇಗೆ ಬಂದಿದ್ದೀವಿ."

"ಯಾತರ ಸರ್ವೇ?"

"ರಸ್ತೇದು."

ಮುದುಕಿ ಇನ್ನೂ ಪವಿತ್ರಳ ಮುಖವನ್ನೇ ನೋಡುತ್ತಿದ್ದಳು. "ರಸ್ತೆ ಸರ್ವೇಗೆ ಬಂದವ್ಳಿಗೆ ನಮ್ಮಕ್ಕನ ಮೂಗು ಎಲ್ಲಿ ಸಿಕ್ತು?"

ಟ್ಯೂಬಿನಿಂದ ಗುಳ್ಳೆಗಳು ಸಾಲಾಗಿ ಎದ್ದವು. ಪವಿತ್ರ ಬೆರಳಿಟ್ಟು ತೂತು ಮುಚ್ಚಿದಳು. ಕತ್ತೆತ್ತಲಾಗಲಿಲ್ಲ. ಅಜ್ಜಿಯ ದನಿಯೇ. ಅದೇ ಒರಟು, ಕೊನೆಯಲ್ಲಿ ಅದೇ ಎಳೆತ.

"ಹೊಳೆಮಂಟಿ," ಎಂದಳು ಮೆಲ್ಲಗೆ. "ಸದಾಶಿವಪ್ಪನ ಮಗಳು."

ಒಳಗೆ ಯಾರೋ ರೊಟ್ಟಿ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

"ನಿಮ್ಮಜ್ಜಿ ಹೆಂಗವ್ಳೆ?"

"ಚೆನ್ನಾಗವ್ಳೆ. ಮಂಡಿ ನೋವು ಅಂತಾಳೆ. ಹೊಂಗೆ ಮರ ಇನ್ನೂ ಅದೆಯಾ ನೋಡ್ಕ ಬಾ ಅಂದ್ಲು."

ದೇವಮ್ಮಣ್ಣಿ ಮರದ ಕಾಂಡದ ಮೇಲೆ ಕೈ ಇಟ್ಟಳು. "ಇದನ್ನ ನೆಟ್ಟೋಳೇ ಅವ್ಳು. ನಾನು ಮದುವೆಯಾಗಿ ಬಂದ ವರ್ಷ ಸಸಿ ತಕಂಡು ಬಂದಿದ್ಲು, ತಂಗಿಗೆ ನೆರಳಾಗ್ಲಿ ಅಂತ." ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು, "ಒಳಕ್ಕೆ ಬಾ ಅನ್ನಾಕಿಲ್ಲ ಕಣವ್ವ. ಬೇಜಾರು ಮಾಡ್ಕಬ್ಯಾಡ. ಕರೆದ್ರೆ ನೀನು ಬರ್ಬೇಕಾಯ್ತದೆ, ಬಂದ್ರೆ ನಿಮ್ಮ ಮನೇಲಿ ಮಾತಾಯ್ತದೆ. ಪಂಚರ್ ಹಾಕ್ಕಂಡು ಓಗು. ಬಿಸ್ಲು ಏರ್ತದೆ."

ಇದಕ್ಕಿಂತ ಒಳ್ಳೆಯ ಮಾತನ್ನು ಪವಿತ್ರ ಬಯಸಿರಲಿಲ್ಲ. ಇದಕ್ಕೆಂದೇ ಈ ದಾರಿ ಹುಡುಕಿದ್ದಳು. ತೇಪೆ ಅಂಟಿಸಿದಳು, ಟಯರು ಕೂರಿಸಿದಳು, ಗಾಳಿ ತುಂಬಿದಳು. ಸೈಕಲ್ಲು ಎದ್ದ ಕರುವಿನಂತೆ ನಿಂತಿತು. ಅಷ್ಟು ಹೊತ್ತೂ ದೇವಮ್ಮಣ್ಣಿ ಬಾಗಿಲ ಕಡೆಗೆ ಹೋಗದೆ, ಇವರ ಹತ್ತಿರಕ್ಕೂ ಬರದೆ, ಬೀದಿಯ ನಡುವೆ ನಿಂತೇ ಇದ್ದಳು. ಇಷ್ಟೂ ದಿನ ಕರೆದವರಿಂದ ತಪ್ಪಿಸಿಕೊಳ್ಳುವುದೇ ಕೆಲಸವಾಗಿದ್ದ ಪವಿತ್ರಳಿಗೆ, ಕರೆಯದೆ ನಿಂತವಳ ಮುಂದೆ ಪೆಡಲಿನ ಮೇಲೆ ಕಾಲಿಡಲು ಆಗಲಿಲ್ಲ.

ಒಳಗೆ ಹೋಗಿ ಕೂತರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಉಣ್ಣಬೇಕು. ಉಂಡರೆ ಹೊತ್ತೇರುತ್ತದೆ. ಹೊತ್ತೇರಿದರೆ ಆಟೊ. ಆಟೊ ಎಂದರೆ ಅಟ್ಟ.

ಅವಳು ಸೈಕಲ್ಲನ್ನು ಮತ್ತೆ ಮರಕ್ಕೆ ಒರಗಿಸಿದಳು.

"ಚಿಕ್ಕಜ್ಜಿ, ಹೊಟ್ಟೆ ಹಸೀತದೆ."

ಸಿಂಧು ಅವಳ ಕಡೆ ಕಣ್ಣರಳಿಸಿ ತಿರುಗಿದಳು. "ಲೇ, ಅಟ್ಟ..."

"ಗೊತ್ತು ಸುಮ್ನಿರು."

ದೇವಮ್ಮಣ್ಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತಿರುಗಿ, "ಏನವ್ವಾ, ಇನ್ನೆರಡು ರೊಟ್ಟಿ ತಟ್ಟವ್ವಾ! ಬ್ಯಾಡ, ನಾಲ್ಕು ತಟ್ಟು!" ಎಂದು ಸೊಸೆಗೆ ಕೂಗುತ್ತ, ವಯಸ್ಸೇ ಆಗದವಳಂತೆ ಒಳಕ್ಕೆ ನಡೆದಳು.

ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಗಟ್ಟಿ ಮೊಸರು. ದೇವಮ್ಮಣ್ಣಿ ಎದುರು ಕೂತು, ಪವಿತ್ರ ನುಂಗುವ ಪ್ರತಿ ತುತ್ತನ್ನೂ ನೋಡಿದಳು. ನಡುನಡುವೆ ಕೇಳಿದಳು: ಅಕ್ಕ ಈಗಲೂ ಹುಳು ಎತ್ತುತ್ತಾಳಾ? ಕಥೆ ಹೇಳುತ್ತಾಳಾ? ಗೂಡಿನೆಳೆಯ ಹುಡುಗಿಯ ಕಥೆ ಎಂದಾಗ ಮುದುಕಿ ನಕ್ಕೇಬಿಟ್ಟಳು. "ಅದು ನಮ್ಮವ್ವ ಹೇಳ್ತಿದ್ದ ಕಥೆ. ನಿಮ್ಮಜ್ಜಿ ಅರ್ಧಕ್ಕೇ ನಿದ್ದೆ ಹೊಡೀತಿದ್ಲು. ಕೊನೆ ಗೊತ್ತಿರೋದು ನಂಗೊಬ್ಳಿಗೇ."

"ಎಳೆ ಬಂದು ಸೇರ್ತದೆ, ನೆಲ ಅವಳದಾಯ್ತದೆ. ಅಲ್ವಾ?"

"ಆಮೇಲಿಂದು ಅದೆ. ಇನ್ನೊಂದ್ ಸಲ ಹೇಳ್ತೀನಿ, ರೊಟ್ಟಿ ತಣ್ಣಗಾಯ್ತದೆ, ತಿನ್ನು."

ಉಂಡು ಹೊರಗೆ ಬಂದಾಗ ಬಿಸಿಲು ಹೊಂಗೆಯ ನೆರಳನ್ನು ಬುಡಕ್ಕೆ ತಳ್ಳಿತ್ತು. ಹೆದರಿದ್ದೂ ಆಗಿಹೋಗಿತ್ತು. ದೇವಮ್ಮಣ್ಣಿಯ ಮಗ ಗುರುಸಿದ್ದಯ್ಯ ಹೊಲದಿಂದ ಬಂದು, ಹೆಂಡತಿಯಿಂದ ಸುದ್ದಿ ಕೇಳಿ, ತನ್ನ ಲಗೇಜ್ ಆಟೊವನ್ನು ಮರದ ಹತ್ತಿರಕ್ಕೇ ತಂದು ನಿಲ್ಲಿಸಿದ್ದ. ಸಿಂಧುವಿನ ಬುಟ್ಟಿ ಸೈಕಲ್ಲು ಆಗಲೇ ಮೇಲಿತ್ತು. ಪವಿತ್ರಳ ಸೈಕಲ್ಲಿನ ಮುಂದಿನ ಚಕ್ರವನ್ನೂ ಆಟೊದ ಅಂಚಿಗೆ ಎತ್ತಿಟ್ಟು, ಹಿಂದಿನದಕ್ಕೆ ಕೈ ಹಾಕಿದ್ದ.

"ಇಷ್ಟು ವರ್ಷ ಆದ್ಮೇಲೆ ಮನೆಗೆ ಬಂದ ಹೆಣ್ಣುಮಗ. ಬಿಸ್ಲಲ್ಲಿ ತುಳ್ಕಂಡು ಓಗು ಅನ್ನಾಕಾಯ್ತದಾ?"

"ಚಿಕ್ಕಪ್ಪ, ಬ್ಯಾಡ!" ಪವಿತ್ರ ಓಡಿಹೋಗಿ ಹ್ಯಾಂಡಲ್ಲು ಹಿಡಿದುಕೊಂಡಳು. ಕಣ್ಣಲ್ಲಿ ನೀರು ತುಂಬಿಬಿಟ್ಟಿತ್ತು. ಕುಂತೂರು, ಯಳಂದೂರು, ಅಪ್ಪನ ಮಾತು, ಅಟ್ಟ, ಹುರುಳಿ ಕಾಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ನೆಂಟರಿಲ್ಲದ ದಾರಿ ಎಂದು ಇದನ್ನು ಆರಿಸಿಕೊಂಡದ್ದನ್ನೂ ಹೇಳಿಬಿಟ್ಟಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ದೇವಮ್ಮಣ್ಣಿ ಬೇಸರಪಡಲಿಲ್ಲ. "ನಿಮ್ಮಜ್ಜಿ ನನ್ನ ಊರ ಮೇಲೆ ಕಾಳು ಇಡಾಕೆ ಬಂದು ವಾಪಸ್ ಹಾಕ್ಬುಟ್ಲಾ?"

"ಹೂಂ."

"ಕೈ ಬಂದಿತ್ತಾ?"

"ಬಂದಿತ್ತು. ಸುಮಾರು ಹೊತ್ತು ಅಲ್ಲೇ ಇತ್ತು."

ಮುದುಕಿ ಮಗನ ಕಡೆ ತಿರುಗಿದಳು. "ಇಳಿಸ್ಲಾ ಆ ಸೈಕಲ್ಲ. ಅವ್ಳು ತುಳ್ಕಂಡೇ ಓಗ್ಲಿ."

"ಹಂಗಾರೆ ಆಟೊ?"

"ಆಟೋಲಿ ನಾನು ಓಯ್ತೀನಿ."

ಗುರುಸಿದ್ದಯ್ಯನ ಕೈ ಸೈಕಲ್ಲಿನ ಮೇಲೇ ನಿಂತಿತು. ತಾಯಿ ಒಳಗೆ ಹೋಗಿ, ಹಸಿರು ಅಂಚಿನ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಬಂದಳು. ಮಗ ಕೈಕೊಟ್ಟು ಹಿಂದಕ್ಕೆ ಹತ್ತಿಸಿದ. ಗೋಣಿಚೀಲದ ಮೇಲೆ ಗಟ್ಟಿಯಾಗಿ ಕೂತು, ಯಾರೂ ಕೇಳದಿದ್ದರೂ ಹೇಳಿದಳು: "ಹೊಸಲು ತುಳಿಯಾಕಿಲ್ಲ ಅಂದಿದ್ದೆ, ತುಳಿಯಾಕಿಲ್ಲ. ಬೀದೀಲಿ ನಿಂತು ಅವ್ಳ ಮೂತಿ ನೋಡ್ಕಂಡು ಬತ್ತೀನಿ, ಅಷ್ಟೇಯ."

ಸಿಂಧು ತನ್ನ ಸೈಕಲ್ಲಿನ ಪಕ್ಕಕ್ಕೆ ಹತ್ತಿ ಕೂತಾಗಿತ್ತು. "ಷರತ್ತು ಇರೋದು ನಿಂಗೆ ತಾನೇ? ನಂಗೆ ಯಾವ ಅಟ್ಟನೂ ಇಲ್ಲ."

ಹಾಗೆ ಆ ಮೆರವಣಿಗೆ ಹೊರಟಿತು. ಮುಂದೆ ಪವಿತ್ರ, ಹಿಂದೆ ಎತ್ತಿನ ಗಾಡಿಯ ವೇಗದಲ್ಲಿ ಲಗೇಜ್ ಆಟೊ. ಏರು ಬಂದಾಗ ಆಟೊ ಇನ್ನಷ್ಟು ನಿಧಾನವಾಗುತ್ತಿತ್ತು. "ತುಳಿ, ತುಳಿ, ಇನ್ನೊಂದಷ್ಟೇ ದೂರ" ಎಂದು ಹಿಂದಿನಿಂದ ಮುದುಕಿಯ ದನಿ. ಬಿಸಿಲು ಬೆನ್ನ ಮೇಲೆ ಸುರಿಯುತ್ತಿತ್ತು, ರೊಟ್ಟಿ ಹೊಟ್ಟೆಯಲ್ಲಿ ಭಾರವಾಗಿತ್ತು, ಮಧುವನಹಳ್ಳಿ ಬರುವಷ್ಟರಲ್ಲಿ ಬಾಟಲಿಯಲ್ಲಿ ನೀರೂ ಇರಲಿಲ್ಲ. ಗುರುಸಿದ್ದಯ್ಯ ಎರಡು ಸಲ ಪಕ್ಕಕ್ಕೆ ಬಂದು, "ಹತ್ತವ್ವ, ಯಾರಿಗೂ ಹೇಳಾಕಿಲ್ಲ" ಎಂದ. ಅವಳು ತಲೆಯಾಡಿಸಿ ತುಳಿದಳು. ಕೊಳ್ಳೇಗಾಲ ದಾಟಿ, ಕೆರೆ ಏರಿಯ ಮೇಲೆ ಗಾಳಿ ಎದುರಾಗಿ ಬಂದಾಗ ಅವಳಿಗೆ ಊರು ಹೊಸದಾಗಿ ಕಂಡಿತು. ಈ ದಿಕ್ಕಿನಿಂದ ಸೈಕಲ್ಲಿನ ಮೇಲೆ ಕೂತು ಅವಳು ತನ್ನ ಮನೆಯನ್ನು ನೋಡುತ್ತಿದ್ದದ್ದು ಇದೇ ಮೊದಲು.

ಜಗಲಿಯ ಮೇಲೆ ಶಾಂತಮೂರ್ತಿ ಇದ್ದ. ದೂರದಿಂದ ಅವನಿಗೆ ಕಂಡದ್ದು ಆಟೊ, ಆಟೊದಲ್ಲಿ ನೆಟ್ಟಗೆ ನಿಂತ ಒಂದು ಸೈಕಲ್ಲು.

"ಅಣ್ಣಾ! ಬಂತು ಊಟದ ಸೈಕಲ್ಲು! ಅಟ್ಟದ ಏಣಿ ತತ್ತೀನಿ ತಡಿ!"

ಸದಾಶಿವಪ್ಪ ಒಳಗಿನಿಂದ ಬಂದ. ಅಷ್ಟರಲ್ಲಿ ಪವಿತ್ರಳ ಮುಂದಿನ ಚಕ್ರ ಜಗಲಿಯ ಕಲ್ಲಿಗೆ ಬಂದು ತಾಕಿತ್ತು. ಬೆಳಿಗ್ಗೆ ಹೊರಟದ್ದು ಇದೇ ಕಲ್ಲಿನಿಂದ. ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ನೆಲದ ಮೇಲೆ, ಮುಖವೆಲ್ಲ ಉಪ್ಪು.

"ತುಳ್ಕಂಡೇ ಬಂದೆ, ಅಪ್ಪ."

ಅಪ್ಪ ಅವಳನ್ನು ನೋಡುತ್ತಿರಲಿಲ್ಲ. ಅವಳ ಭುಜದ ಮೇಲಿಂದ ಹಿಂದಕ್ಕೆ, ಆಟೊದಲ್ಲಿ ಕೂತವಳನ್ನು ನೋಡುತ್ತಿದ್ದ. ಹೆಗಲ ಮೇಲಿನ ಟವೆಲು ತಾನಾಗಿ ಕೈಗೆ ಬಂತು.

"ಅವ್ವಾ," ಎಂದು ಒಳಕ್ಕೆ ಕೂಗಿದ. "ಅವ್ವಾ, ಆಚೆ ಬಾ."

"ಬರಾಕಾಗಲ್ಲ ಕಣ್ಲಾ!" ಹುಳುಮನೆಯಿಂದ ಅಜ್ಜಿಯ ಸಿಡುಕು ಬಂತು. "ಹುಳ ಇವತ್ತೇ ಹಣ್ಣಾಗಿ ಕುಂತವೆ! ಆ ಹುಡ್ಗಿ ಬಂದ್ಲಾ? ಕಾಲು ತೊಳ್ಕಂಡು ಬರಾಕೇಳು ಬ್ಯಾಗ!"

"ನೀನೇ ಬಾ ಅಂದೆ."

ಚನ್ನಮಲ್ಲಮ್ಮ ಕೈಯಲ್ಲಿ ಚಂದ್ರಿಕೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಅಷ್ಟರಲ್ಲಿ ದೇವಮ್ಮಣ್ಣಿ ಇಳಿದು ಬೀದಿಯಲ್ಲಿ ನಿಂತಿದ್ದಳು. ಹೇಳಿದಂತೆಯೇ, ಹೊಸಲಿನಿಂದ ದೂರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮೂಗು ಒಂದೇ. ತಲೆ ಎರಡೂ ಬೆಳ್ಳಗಾಗಿದ್ದವು.

"ಮರ ಅದೆಯಾ?" ಎಂದಳು ಅಕ್ಕ.

"ಅದೆ. ನಿನ್ನ ಮೊಮ್ಮಗಳಿಗೆ ಪಂಚರ್ ಹಾಕಾಕೆ ನೆರಳಾಯ್ತು."

ಅಜ್ಜಿ ಚಂದ್ರಿಕೆಯನ್ನು ಗೋಡೆಗೆ ಒರಗಿಸಿದಳು. ಬಾಗಿಲ ಪಕ್ಕದ ಹಂಡೆಯಿಂದ ಚೊಂಬು ತುಂಬಿಕೊಂಡು ಮೂರು ಮೆಟ್ಟಿಲು ಇಳಿದಳು. ಮಂಡಿ ಹಿಡಿದುಕೊಂಡು ಬಗ್ಗಿ, ಬೀದಿಯಲ್ಲೇ ತಂಗಿಯ ಕಾಲಿನ ಮೇಲೆ ನೀರು ಹೊಯ್ದಳು. ಮೊದಲು ಒಂದು, ಆಮೇಲೆ ಇನ್ನೊಂದು. ಧೂಳು ಕರಗಿ ಕಲ್ಲಿನ ಸಂದಿಗೆ ಹರಿಯಿತು.

"ಹಂಗೇ ನಿಂತ್ಕಂಡು ನೋಡ್ತೀಯಲ್ಲೇ," ಎಂದಳು, ಇನ್ನೂ ಬಗ್ಗಿಕೊಂಡೇ, ಮುಖ ತೋರಿಸದೆ. "ಹುಳ ಹಣ್ಣಾಗವೆ, ಕೈ ಸಾಲ್ದು. ಬಾ ಒಳಕ್ಕೆ."

ದೇವಮ್ಮಣ್ಣಿ ಒದ್ದೆ ಕಾಲನ್ನೊಮ್ಮೆ ನೋಡಿಕೊಂಡಳು. ಅಕ್ಕನ ತೋಳು ಹಿಡಿದು ಮೇಲಕ್ಕೆಬ್ಬಿಸಿ, ಹಾಗೇ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಹೊಸಲಿನ ಮೇಲೆ ಒಂದು ಹಸಿ ಹೆಜ್ಜೆ ಉಳಿಯಿತು.

ಪವಿತ್ರ ಸೈಕಲ್ಲನ್ನು ಗೋಡೆಗೆ ಒರಗಿಸಿ ಕಾಲು ತೊಳೆಯಲು ಹಂಡೆಯ ಹತ್ತಿರ ಹೋದಳು. ಹಿಂದಿನಿಂದ ಅಪ್ಪ ಚಿಕ್ಕಪ್ಪನಿಗೆ ಹೇಳುವುದು ಕೇಳಿಸಿತು: "ಏಣಿ ಅಲ್ಲೇ ಇರ್ಲಿ ಕಣ್ಲಾ. ಆ ಸೈಕಲ್ಲ ಬಿಸ್ಲಿಂದ ಈಚೆಗೆ ನಿಲ್ಸು, ಟಯರು ಹಾಳಾಯ್ತದೆ."